ಕೆಂಪುಕಲ್ಲಿನ ಮನೆಯ ಮೂಲೆಮೂಲೆಗೂ ವೈಫೈ: ಹಳೆ ರೂಟರ್ ಮತ್ತು 25 ಮೀಟರ್ ಕೇಬಲ್

ಜಗಲಿಯಲ್ಲಿ ಫೈಬರ್ ಮೋಡೆಮ್. ಅದರ ಎದುರು ಕೂತರೆ 100 ಎಂಬಿಪಿಎಸ್ ಪೂರ್ತಿ ಸಿಗುತ್ತದೆ. ಎರಡು ಗೋಡೆ ದಾಟಿ ಅಡುಗೆಮನೆಗೆ ಹೋದರೆ ವಿಡಿಯೊ ಕಾಲ್ ತಡೆದು ತಡೆದು ಬರುತ್ತದೆ. ಮಹಡಿಯ ಹಿಂದಿನ ಕೋಣೆಯಲ್ಲಂತೂ ವಾಟ್ಸ್ಆ್ಯಪ್ ಮೆಸೇಜೂ ಹೋಗುವುದಿಲ್ಲ. ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ, ಮಲೆನಾಡಿನ ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಇದು ಮಾಮೂಲು. ಪ್ಲ್ಯಾನ್ ದೊಡ್ಡದು ಮಾಡಿಸಿದರೆ ಈ ತೊಂದರೆ ಹೋಗುವುದಿಲ್ಲ. 300ರ ಪ್ಲ್ಯಾನ್ ಹಾಕಿಸಿದರೂ ನಡುವೆ ನಿಂತಿರುವುದು ಅದೇ ಗೋಡೆ. ನಮ್ಮ ಮನೆಗೆ ನಾನು ಮಾಡಿಕೊಂಡ ವ್ಯವಸ್ಥೆಯನ್ನು, ಎಲ್ಲಿ ತಪ್ಪಾಗುತ್ತದೆ ಎಂಬುದರ ಸಮೇತ ಬರೆಯುತ್ತಿದ್ದೇನೆ.

ಮೊದಲ ಕೆಲಸ ಅಳೆಯುವುದು. ಫೋನಿನ ಮೇಲೆ ಕಾಣುವ ವೈಫೈ ಗೆರೆಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಅವನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಐಫೋನಿಗೆ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಇದೆ, ಅದರ ವೈಫೈ ಸ್ಕ್ಯಾನರನ್ನು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು. ಎರಡೂ ಸಿಗ್ನಲ್ಲನ್ನು ಡಿಬಿಎಂ ಲೆಕ್ಕದಲ್ಲಿ, ಮೈನಸ್ ಸಂಖ್ಯೆಯಾಗಿ ತೋರಿಸುತ್ತವೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಚೆನ್ನಾಗಿದೆ. ಮೈನಸ್ 67ರವರೆಗೆ ವಿಡಿಯೊ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. ಮೈನಸ್ 75 ದಾಟಿದರೆ ಒದ್ದಾಟ, 80 ದಾಟಿದರೆ ಇದ್ದೂ ಇಲ್ಲದಂತೆ. 3 ಡಿಬಿ ಕಡಿಮೆಯಾದರೆ ಶಕ್ತಿ ಅರ್ಧಕ್ಕಿಳಿದಂತೆ, 10 ಕಡಿಮೆಯಾದರೆ ಹತ್ತನೇ ಒಂದು ಪಾಲು. 60ಕ್ಕೂ 70ಕ್ಕೂ ಇರುವ ದೂರ ಸಣ್ಣದಲ್ಲ.

ಕೋಣೆ ಕೋಣೆಗೆ ಹೋಗಿ, ನೀವು ನಿಜವಾಗಿ ಕೂರುವ ಜಾಗದಲ್ಲಿ ನಿಂತು, ಅರ್ಧ ನಿಮಿಷ ಬಿಟ್ಟು ಸಂಖ್ಯೆ ಬರೆದುಕೊಳ್ಳಿ. ಆಂಡ್ರಾಯ್ಡ್ 9ರಿಂದ ಈಚೆಗೆ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಲು ಆ್ಯಪ್‌ಗಳಿಗೆ ಅವಕಾಶ. ಹಾಗಾಗಿ ಹೊಸ ಕೋಣೆಗೆ ಬಂದ ಕೂಡಲೇ ಕಾಣುವ ಅಂಕಿ ಹಿಂದಿನ ಕೋಣೆಯದ್ದಾಗಿರಬಹುದು. ವೈಫೈ ಬಳಸುವ ಎರಡು ತರಂಗಪಟ್ಟಿಗಳಾದ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಬೇರೆಬೇರೆ ಬರೆಯಿರಿ. 5 ವೇಗದ್ದು, ಆದರೆ ದಪ್ಪ ಗೋಡೆ ಅದನ್ನು ಬೇಗ ನುಂಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ.

ಈ ಪಟ್ಟಿ ಕೈಗೆ ಬಂದ ಮೇಲೆ ಕಾಸು ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಮೋಡೆಮ್ ಟಿವಿ ಹಿಂದೆ, ಕಪಾಟಿನೊಳಗೆ, ನೆಲದ ಹತ್ತಿರ ಇದ್ದರೆ ಹೊರಗೆ ತಂದು ಐದಾರು ಅಡಿ ಎತ್ತರಕ್ಕೆ ಹಾಕಿ. ಫ್ರಿಜ್, ಗಾಡ್ರೇಜ್ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವು ದಾರಿಗೆ ಅಡ್ಡ ಬಂದರೆ ಗೋಡೆಗಿಂತ ಹೆಚ್ಚು ಕೆಡಿಸುತ್ತವೆ. ಕನ್ನಡಿಯ ಹಿಂದೆ ಲೋಹದ ಲೇಪ ಇರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಥೆ ಬೇರೆ. ಅಲ್ಲಿ ಅಡ್ಡ ಬರುವುದು ಗೋಡೆಗಿಂತ ಹೆಚ್ಚಾಗಿ ಅಕ್ಕಪಕ್ಕದವರ ರೂಟರುಗಳು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಆ ಪಟ್ಟಿಯೊಳಗಿನ ಸಣ್ಣ ಸಣ್ಣ ದಾರಿಗಳು) ಮೂರೇ: 1, 6, 11. ಆ್ಯಪಿನಲ್ಲಿ ನೋಡಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್ ಇಡಿ, ಮೋಡೆಮ್ ಹತ್ತಿರದ ಸಾಧನಗಳನ್ನೆಲ್ಲ 5ಕ್ಕೆ ಹಾಕಿ. ಅಲ್ಲಿ ಅಷ್ಟರಲ್ಲೇ ಮುಗಿಯುತ್ತದೆ.

ಕೆಂಪುಕಲ್ಲಿನ ಮನೆಯಲ್ಲಿ ಅಷ್ಟರಲ್ಲಿ ಮುಗಿಯುವುದಿಲ್ಲ. ಅಂಗಡಿಯವರು ಆಗ ರಿಪೀಟರ್ (ವೈಫೈ ಸಿಗ್ನಲ್ಲನ್ನು ಹಿಡಿದು ಮತ್ತೆ ಹರಡುವ ಪೆಟ್ಟಿಗೆ) ಕೊಡುತ್ತಾರೆ. ನಾನು ಬೇಡ ಎನ್ನುತ್ತೇನೆ. ರಿಪೀಟರ್ ಪ್ರತಿಯೊಂದು ಮಾತನ್ನೂ ಒಂದು ಸಲ ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ಇನ್ನೊಂದು ಸಲ ಹೇಳಬೇಕು. ಅಲ್ಲಿಗೆ ವೇಗ ಅರ್ಧ. ಸಿಗ್ನಲ್ ಸಾಯುವ ಕೋಣೆಯಲ್ಲೇ ಅದನ್ನು ಚುಚ್ಚಿದರಂತೂ, ಸತ್ತ ಸಿಗ್ನಲ್ಲನ್ನೇ ಮತ್ತೆ ಹರಡುತ್ತದೆ. ಫೋನಿನಲ್ಲಿ ಗೆರೆ ತುಂಬಿ ಕಾಣುತ್ತದೆ, ನೆಟ್ ಓಡುವುದಿಲ್ಲ. ಗೋಡೆಯನ್ನು ಗೆಲ್ಲುವುದು ತಂತಿ. ಮೋಡೆಮ್‌ನಿಂದ ದೂರದ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು, ಅದರ ತುದಿಗೆ ಅಟ್ಟದಲ್ಲಿ ಬಿದ್ದಿರುವ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಮಾಡಿ ಕೂರಿಸುವುದೇ ನಾನು ಕಂಡುಕೊಂಡ ಶಾಶ್ವತ ದಾರಿ.

ಕೇಬಲ್ ಎಳೆಯುವುದು

ಬೇಕಾದ್ದು ಇಷ್ಟು: ಕ್ಯಾಟ್6 ಕೇಬಲ್ 25 ಮೀಟರ್ (ಅಳತೆಗಿಂತ ಎರಡು ಮೀಟರ್ ಹೆಚ್ಚೇ ಇರಲಿ), ಆರ್‌ಜೆ45 ಪ್ಲಗ್ (ಲ್ಯಾನ್ ಕೇಬಲ್ಲಿನ ತುದಿಗೆ ಹಾಕುವುದು) ಹತ್ತು, ಕ್ರಿಂಪಿಂಗ್ ಟೂಲ್ (ಪ್ಲಗ್ಗನ್ನು ಕೇಬಲ್ಲಿಗೆ ಒತ್ತಿ ಕೂರಿಸುವ ಇಕ್ಕಳ), ಎಂಟು ದೀಪದ ಕೇಬಲ್ ಟೆಸ್ಟರ್, ಗೋಡೆಗೆ ಹೊಡೆಯುವ ಕ್ಲಿಪ್, 10 ಮಿಲಿಮೀಟರಿನ ಉದ್ದ ಡ್ರಿಲ್ ಬಿಟ್. ಪ್ಲಗ್ ಎರಡೇ ಸಾಕಲ್ಲವೇ ಎನ್ನಬೇಡಿ, ಮೊದಲ ಎರಡು ಮೂರು ಹಾಳಾಗಿಯೇ ಆಗುತ್ತವೆ. ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಕೇಳಿ. ಅಗ್ಗದ್ದರಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಇರುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ಹಿಂದೆ ಕೊಡಿ. ಮೂಲೆಯಲ್ಲಿ ನಾಲ್ಕು ಸಲ ಬಗ್ಗಿಸಿದರೆ ಅದರ ಎಳೆ ಒಳಗೇ ತುಂಡಾಗುತ್ತದೆ.

ಪ್ಲಗ್ ಹಾಕಿದ ರೆಡಿಮೇಡ್ ಕೇಬಲ್ ತಂದರೆ ಗೋಡೆಯ ತೂತು ಪ್ಲಗ್ಗಿನ ಅಗಲಕ್ಕೆ ಬೇಕು. ಪ್ಲಗ್ಗೇ ಸುಮಾರು 12 ಮಿಲಿಮೀಟರ್ ಇದೆ, 10ರ ತೂತಿನಲ್ಲಿ ತೂರುವುದಿಲ್ಲ. ಕೇಬಲ್ ದಪ್ಪ 6 ಮಿಲಿಮೀಟರ್ ಅಷ್ಟೇ. ಆದ್ದರಿಂದ ಬರೀ ಕೇಬಲ್ ತೂರಿಸಿ, ಆಮೇಲೆ ಪ್ಲಗ್ ಹಾಕುವುದು ಜಾಣತನ. ಹೊರಗೋಡೆಗೆ ತೂತು ಹೊಡೆಯುವಾಗ ಡ್ರಿಲ್ಲನ್ನು ಒಳಗಿನಿಂದ ಹಿಡಿದು ಹೊರಗಿನ ಕಡೆಗೆ ಸ್ವಲ್ಪ ತಗ್ಗಿಸಿ ಹೊಡೆಯಿರಿ. ಹೊರಗೆ ಕೇಬಲನ್ನು ತೂತಿಗಿಂತ ಕೆಳಗೆ ಒಂದು ಸುತ್ತು ಜೋತುಬಿಡಿ. ಮಳೆಗಾಲದಲ್ಲಿ ಕೇಬಲ್ ಹಿಡಿದು ಇಳಿದ ನೀರು ಆ ಸುತ್ತಿನ ತಳದಿಂದ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಯೊಳಗೆ ಬರುವುದಿಲ್ಲ. ಕರೆಂಟಿನ ವೈರ್ ಇರುವ ಪೈಪಿನೊಳಗೆ ಲ್ಯಾನ್ ಕೇಬಲ್ ಹಾಕಲೇಬೇಡಿ. ಒಂದಡಿ ದೂರ ಇರಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಇನ್ನು ಪ್ಲಗ್ ಹಾಕುವುದು. ನಿಧಾನ ಮಾಡಬೇಕಾದ್ದು ಇಲ್ಲೇ. ಹೊರಗಿನ ಸಿಪ್ಪೆ 3 ಸೆಂಟಿಮೀಟರ್ ಸುಲಿಯಿರಿ, ಒಳಗಿನ ಎಳೆಗಳಿಗೆ ಗಾಯ ಆಗಬಾರದು. ಜೋಡಿಗಳ ಸುರುಳಿ ಬಿಡಿಸಿ, ಬೆರಳಿನಲ್ಲಿ ತೀಡಿ ನೇರ ಮಾಡಿ, ಎಡದಿಂದ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟನ್ನೂ ಒತ್ತಿ ಹಿಡಿದು, 12 ಮಿಲಿಮೀಟರ್ ಉಳಿಯುವಂತೆ ಒಂದೇ ಸಲ ನೇರವಾಗಿ ಕತ್ತರಿಸಿ. ಪ್ಲಗ್ಗಿನ ಕೊಂಡಿ ಕೆಳಗೆ, ಲೋಹದ ಹಲ್ಲು ಮೇಲೆ ಇರುವಂತೆ ಹಿಡಿದು ಒಳಗೆ ತಳ್ಳಿ. ಪ್ಲಗ್ಗಿನ ಮೂತಿಯಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣಬೇಕು, ಹಿಂದೆ ಸಿಪ್ಪೆ ಪ್ಲಗ್ಗಿನೊಳಗೆ ಹೋಗಿರಬೇಕು. ಹಾಗಿದ್ದರೆ ಕ್ರಿಂಪಿಂಗ್ ಟೂಲಿನಲ್ಲಿಟ್ಟು ಗಟ್ಟಿಯಾಗಿ ಒತ್ತಿ. ಸಿಪ್ಪೆ ಹೊರಗೆ ಉಳಿದರೆ ಎಳೆದಾಗ ಭಾರ ಎಳೆಗಳ ಮೇಲೆ ಬೀಳುತ್ತದೆ, ಆರು ತಿಂಗಳಲ್ಲಿ ಸಂಪರ್ಕ ಸಡಿಲ.

ಬಣ್ಣದ ಕ್ರಮದಲ್ಲಿ ಹಸಿರು ಜೋಡಿಯನ್ನು ಬೇರೆ ಮಾಡಿ ನಡುವೆ ನೀಲಿ ಜೋಡಿ ಯಾಕೆ ಕೂರಿಸುತ್ತಾರೆ ಎಂದು ತಿಳಿದಿರಬೇಕು. 3 ಮತ್ತು 6ನೇ ಪಿನ್‌ಗಳು ಒಂದು ಜೋಡಿ, ಆ ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡೇ ಬಂದಿರಬೇಕು. "ನೋಡಲು ಚೆಂದ" ಎಂದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಎರಡೂ ತುದಿಯಲ್ಲಿ ಒಂದೇ ರೀತಿ ಹಾಕಿದರೆ ಟೆಸ್ಟರ್‌ನಲ್ಲಿ 1ರಿಂದ 8 ದೀಪ ಸರಿಯಾಗಿಯೇ ಹತ್ತುತ್ತದೆ. ಆದರೆ 3ನೇ ಪಿನ್ನಿನ ಎಳೆ ಒಂದು ಸುರುಳಿಯದ್ದು, 6ನೇ ಪಿನ್ನಿನದು ಇನ್ನೊಂದರದ್ದು ಆಗಿಬಿಡುತ್ತದೆ. ಸುರುಳಿಯಿಂದ ಸಿಗುವ ರಕ್ಷಣೆ ಹೋಗಿ ಕೇಬಲ್ ಉದ್ದವಾದಷ್ಟೂ ನೆಟ್ ಕಡಿದು ಕಡಿದು ಬರುತ್ತದೆ. ಟೆಸ್ಟರ್ ಸರಿ ಎನ್ನುತ್ತದೆ, ನೆಟ್ ಇಲ್ಲ ಎನ್ನುತ್ತದೆ. ಹಾಗಾದಾಗ ಮೊದಲು ನೋಡಬೇಕಾದ್ದು ಬಣ್ಣ.

ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಎಂಟೂ ಎಳೆ ಬೇಕು, 100ಕ್ಕೆ 1, 2, 3, 6 ಈ ನಾಲ್ಕೇ ಸಾಕು. ಪ್ಲ್ಯಾನ್ 100ಕ್ಕಿಂತ ದೊಡ್ಡದಿದ್ದು, ಎರಡು ಕಡೆಯೂ ಗಿಗಾಬಿಟ್ ಪೋರ್ಟ್ ಇದ್ದೂ ವೇಗ 95ರ ಆಸುಪಾಸಿನಲ್ಲಿ ನಿಂತುಬಿಟ್ಟರೆ ನೀಲಿ ಅಥವಾ ಕಂದು ಎಳೆ ಕೂತಿಲ್ಲ ಎಂದೇ ಲೆಕ್ಕ.

ಹಳೆಯ ರೂಟರಿನ ಸೆಟ್ಟಿಂಗ್

ಹಳೆಯ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಹಂತಗಳ ಅನುಕ್ರಮ ತಪ್ಪಬಾರದು. ಮೋಡೆಮ್‌ಗೆ ಇನ್ನೂ ಜೋಡಿಸಬೇಡಿ. ರೀಸೆಟ್ ತೂತಿನಲ್ಲಿ ಪಿನ್ ಒತ್ತಿ ಹತ್ತು ಸೆಕೆಂಡ್ ಹಿಡಿದು ಹಳೆಯ ಸೆಟ್ಟಿಂಗ್ ಅಳಿಸಿ. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಜೋಡಿಸಿ, ತಳದ ಚೀಟಿಯಲ್ಲಿರುವ ವಿಳಾಸ (ಹೆಚ್ಚಾಗಿ 192.168.0.1 ಅಥವಾ 192.168.1.1) ಬ್ರೌಸರಿನಲ್ಲಿ ಹಾಕಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಮುಖ್ಯ ಮೋಡೆಮಿನಲ್ಲಿರುವಂತೆಯೇ ಅಕ್ಷರ ತಪ್ಪದೆ ಹಾಕಿ. ಚಾನೆಲ್ ಮಾತ್ರ ಬೇರೆ: ಮೋಡೆಮ್ 1ರಲ್ಲಿದ್ದರೆ ಇದು 6 ಅಥವಾ 11.

ಆಮೇಲೆ ಲ್ಯಾನ್ ಐಪಿ, ಅಂದರೆ ಮನೆಯ ಜಾಲದಲ್ಲಿ ಈ ರೂಟರಿನ ವಿಳಾಸ, ಬದಲಿಸಿ. ಮೋಡೆಮ್ 192.168.1.1 ಆಗಿದ್ದರೆ ಇದಕ್ಕೆ 192.168.1.2. ಸೇವ್ ಮಾಡಿದ ಕೂಡಲೇ ಪುಟ ಮಾಯವಾಗುತ್ತದೆ, ಗಾಬರಿ ಬೇಡ. ಒಂದು ನಿಮಿಷ ಬಿಟ್ಟು ಹೊಸ ವಿಳಾಸ ಹಾಕಿ ಮತ್ತೆ ಒಳಗೆ ಹೋಗಿ. ಕೊನೆಯದಾಗಿ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಇದನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇಲ್ಲದೆ ರೂಟರಿನ ಪುಟ ತೆರೆಯುವುದಿಲ್ಲ, ಮತ್ತೆ ರೀಸೆಟ್ಟಿನಿಂದ ಶುರು ಮಾಡಬೇಕು. ಮುಗಿದ ಮೇಲೆ ಮೋಡೆಮ್‌ನಿಂದ ಬಂದ ಕೇಬಲನ್ನು ಹಳೆಯ ರೂಟರಿನ ಲ್ಯಾನ್ ಪೋರ್ಟಿಗೆ ಚುಚ್ಚಿ. ಬಣ್ಣ ಬೇರೆ ಇರುವ, ಹೊರಗಿನ ಇಂಟರ್ನೆಟ್ಟಿಗೆಂದು ಇಟ್ಟ ವ್ಯಾನ್ ಪೋರ್ಟ್ ಖಾಲಿಯೇ ಇರಲಿ.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಕಾಣುವ ಲಕ್ಷಣ ವಿಚಿತ್ರ. ಒಂದು ಫೋನಿಗೆ ನೆಟ್ ಬರುತ್ತದೆ, ಪಕ್ಕದ ಫೋನಿಗೆ "ಕನೆಕ್ಟೆಡ್, ಇಂಟರ್ನೆಟ್ ಇಲ್ಲ". ಸಂಜೆ ಅದು ಅದಲುಬದಲು. ಎರಡು ಪೆಟ್ಟಿಗೆಗಳೂ ವಿಳಾಸ ಹಂಚುತ್ತಿರುತ್ತವೆ, ಹಳೆಯದರಿಂದ ವಿಳಾಸ ಪಡೆದ ಫೋನ್ ಹೊರಗೆ ಹೋಗುವ ದಾರಿಯನ್ನೂ ಅದರಲ್ಲೇ ಹುಡುಕುತ್ತದೆ. ಅಲ್ಲಿ ದಾರಿ ಇಲ್ಲ. ಇನ್ನೊಂದು ಎಚ್ಚರ: ಮೋಡೆಮಿನ ಡಿಎಚ್‌ಸಿಪಿ ಪಟ್ಟಿ 192.168.1.10ರಿಂದ ಆರಂಭವಾಗುವಂತೆ ಬದಲಿಸಿ. ಇಲ್ಲದಿದ್ದರೆ ಯಾವತ್ತೋ ಒಂದು ದಿನ ಅದು 2ನೇ ವಿಳಾಸವನ್ನು ಟಿವಿಗೆ ಕೊಟ್ಟುಬಿಡಬಹುದು.

ಮಹಡಿ ಹತ್ತಿದರೂ ಫೋನ್ ಕೆಳಗಿನ ಕ್ಷೀಣ ಸಿಗ್ನಲ್ಲನ್ನೇ ಹಿಡಿದುಕೊಂಡಿದ್ದರೆ ಮೋಡೆಮಿನ ಟ್ರಾನ್ಸ್‌ಮಿಟ್ ಪವರ್ (ಸಿಗ್ನಲ್ ಹರಡುವ ಶಕ್ತಿ) ಒಂದು ಮೆಟ್ಟಿಲು ಇಳಿಸಿ. ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಫೋನು, ರೂಟರ್ ಅಲ್ಲ.

ಕರೆಂಟ್ ಹೋದಾಗ

ಇನ್ವರ್ಟರ್ ಇದ್ದ ಮನೆಯಲ್ಲೂ ಕರೆಂಟ್ ಹೋದ ಕ್ಷಣ ಮೋಡೆಮ್ ಆರಿ ಹತ್ತಿ, ನೆಟ್ ಬರಲು ಎರಡು ಮೂರು ನಿಮಿಷ ಹಿಡಿಯುವುದುಂಟು. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ, ಬದಲಾವಣೆ ಬೇಗ ಆಗುತ್ತದೆ. ಇಲ್ಲದ ಮನೆಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮೊದಲು ಮೋಡೆಮಿನ ಅಡಾಪ್ಟರ್ ಓದಿ. ವೋಲ್ಟ್ ಒಂದೇ ಇರಬೇಕು. 9 ವೋಲ್ಟಿನ ರೂಟರಿಗೆ 12 ಕೊಟ್ಟರೆ ಸುಡಬಹುದು. ಆಂಪಿಯರ್ ಯುಪಿಎಸ್‌ನಲ್ಲಿ ಅಷ್ಟೇ ಅಥವಾ ಹೆಚ್ಚು ಇರಬೇಕು. ಪಿನ್ನಿನ ಒಳತೂತು 2.1 ಅಥವಾ 2.5 ಮಿಲಿಮೀಟರ್ ಇರುತ್ತದೆ, ಸಡಿಲ ಕೂತರೆ ಅಲುಗಾಡಿದಾಗಲೆಲ್ಲ ಮೋಡೆಮ್ ರೀಸ್ಟಾರ್ಟ್.

ಡಬ್ಬದ ಮೇಲೆ 8800 ಎಂಎಎಚ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು 12ರಿಂದ ಗುಣಿಸಿ ಇಡೀ ದಿನ ಬರುತ್ತದೆ ಎಂದುಕೊಳ್ಳಬೇಡಿ. ಆ ಅಂಕಿ ಒಳಗಿನ 3.7 ವೋಲ್ಟಿನ ಸೆಲ್‌ಗಳದ್ದು. 8.8 ಗುಣಿಲೆ 3.7 ಎಂದರೆ ಸುಮಾರು 32 ವ್ಯಾಟ್-ಅವರ್. 12ಕ್ಕೆ ಏರಿಸುವಾಗ ನಷ್ಟವಾಗುವುದನ್ನು ಕಳೆದರೆ 27 ಉಳಿಯಿತು. ಮೋಡೆಮ್ 8 ವ್ಯಾಟ್ ಎಳೆದರೆ ಮೂರು ಗಂಟೆಯ ಮೇಲೆ ಸ್ವಲ್ಪ. ಮಹಡಿಯ ರೂಟರಿಗೂ ಪ್ರತ್ಯೇಕ ಯುಪಿಎಸ್ ಬೇಕು, ಇಲ್ಲದಿದ್ದರೆ ಮೋಡೆಮ್ ಹತ್ತಿದ್ದರೂ ಮೇಲಿನ ಕೋಣೆಗೆ ನೆಟ್ ಇಲ್ಲ.

ಗುಡುಗು ಶುರುವಾದರೆ ಯುಪಿಎಸ್ ಇದೆ ಎಂದು ಸುಮ್ಮನೆ ಬಿಡಬೇಡಿ, ಅಡಾಪ್ಟರನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹೊರಗೋಡೆಯ ಮೇಲೆ ಹಾದುಹೋದ ಲ್ಯಾನ್ ಕೇಬಲನ್ನೂ ಎರಡೂ ತುದಿಯಲ್ಲಿ ಬಿಚ್ಚಿ. ಮನೆಯಿಂದ ಕೊಟ್ಟಿಗೆಗೋ ತೋಟದ ಶೆಡ್ಡಿಗೋ ನೆಟ್ ಬೇಕಾದರೆ ತಾಮ್ರದ ಕೇಬಲ್ ಎಳೆಯಬೇಡಿ, ಸಿಡಿಲಿನ ಹೊಡೆತ ಅದರ ಮೂಲಕ ಎರಡೂ ಕಡೆಯ ಪೆಟ್ಟಿಗೆಗಳನ್ನು ಸುಡುತ್ತದೆ. ಒಳಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಎಳೆದು, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಕನ್ವರ್ಟರ್ ಜೋಡಿಯಲ್ಲಿ ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಎಂದಿರಬೇಕು. ಒಂದೇ ಎಳೆಯ ಫೈಬರಿಗೆ ಎರಡೂ ಎ ತಂದರೆ ದೀಪ ಹತ್ತುವುದೇ ಇಲ್ಲ.