ಹುಡುಗ ನಿಧಾನ ಅಂತ ಬರೆದಿದ್ದೆ

ಐಸ್ ಹಾಕಿ ಆಡೋ ಎಳೆಯರನ್ನು ನೋಡಿ ತಂಡಕ್ಕೆ ರಿಪೋರ್ಟ್ ಬರೆಯೋದು, ಅಂದರೆ ಸ್ಕೌಟಿಂಗ್, ನನ್ನ ಕೆಲಸ. ಮೊದಲ ಸಲ ಆ ಹುಡುಗನ ಆಟ ನೋಡಿ ಬಂದ ರಾತ್ರಿ ನೋಟ್‌ಬುಕ್ಕಿನಲ್ಲಿ ನಾಲ್ಕೇ ಮಾತು ಬರೆದಿದ್ದೆ. ಕೈ ಚೆನ್ನಾಗಿದೆ. ಮೈ ಸಣ್ಣದು. ಸ್ಕೇಟಿಂಗ್ ನಿಧಾನ. ಡ್ರಾಫ್ಟ್ ಆಗೋದು ಅನುಮಾನ. (ಡ್ರಾಫ್ಟ್ ಅಂದರೆ ದೊಡ್ಡ ಲೀಗ್‌ನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳೋದು.)

ಮಾರನೇ ದಿನ ಅದನ್ನೇ ನಮ್ಮ ಹಿರಿಯ ಸ್ಕೌಟ್‌ಗೆ ಓದಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ನಿಧಾನ ಅಂದ್ರೆ ಎಲ್ಲಿ ನಿಧಾನ? ಹೊರಡೋವಾಗಲೋ, ಓಡೋವಾಗಲೋ, ತಿರುಗೋವಾಗಲೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಪಂದ್ಯ ಕೂತು ನೋಡಿದ್ದೆ, ಆದರೆ ನೋಡಿದ್ದು ಪಕ್ ಅನ್ನು, ಐಸ್ ಮೇಲೆ ಸ್ಟಿಕ್ಕಿನಿಂದ ಹೊಡೆಯೋ ಆ ರಬ್ಬರ್ ಬಿಲ್ಲೆಯನ್ನು. ಅದು ಅವನ ಹತ್ತಿರ ಬಂದಾಗ ಮಾತ್ರ ಅವನು ನನ್ನ ಕಣ್ಣಿಗೆ ಬಿದ್ದಿದ್ದ.

ಹುಡುಗನಿಗೆ 17 ವರ್ಷ. ಕೆನಡಾದ ಜೂನಿಯರ್ ಹಾಕಿಯಲ್ಲಿ ಲೆಫ್ಟ್ ವಿಂಗರ್, ಅಂದರೆ ಎಡ ಅಂಚಿನ ಫಾರ್ವರ್ಡ್. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್‌ಗೆ ಬರಬೇಕಾದರೆ ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿರಬೇಕು. ಇವನು ಆಗಸ್ಟ್ ಕೊನೆಯಲ್ಲಿ ಹುಟ್ಟಿದವನು. ಅಂದರೆ ಅದೇ ಡ್ರಾಫ್ಟ್‌ನಲ್ಲಿರುವ ಕೆಲವರು ಇವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರು. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಭುಜ, ತೊಡೆ ಎಲ್ಲವೂ ಬೇರೆ. "ಮೈ ಸಣ್ಣದು" ಅಂತ ಬರೆಯೋ ಮುಂಚೆ ಹುಟ್ಟಿದ ತಾರೀಕು ನೋಡಬೇಕಿತ್ತು, ನಾನು ನೋಡಿರಲಿಲ್ಲ.

ಎರಡನೇ ಸಲ ಹೋದಾಗ ಜಾಗ ಬದಲಾಯಿಸಿದೆ. ಗಾಜಿನ ಪಕ್ಕ ಕೂತರೆ ಸದ್ದು, ಡಿಕ್ಕಿ ಎಲ್ಲ ಜೋರಾಗಿ ಗೊತ್ತಾಗುತ್ತದೆ, ಆಟ ಗೊತ್ತಾಗಲ್ಲ. ಮೇಲಿನ ಸಾಲಿನಲ್ಲಿ, ಒಂದು ಮೂಲೆಗೆ ಹೋಗಿ ಕೂತೆ. ಇಡೀ ರಿಂಕ್ ಕಣ್ಣ ಕೆಳಗೆ. ಮೊದಲ 20 ನಿಮಿಷ ಪಕ್ ಎಲ್ಲಿದೆ ಅಂತ ನೋಡೋದೇ ಬೇಡ, ಅವನನ್ನು ಬಿಟ್ಟು ಕಣ್ಣು ಕದಲಿಸಬಾರದು ಅಂತ ತೀರ್ಮಾನ ಮಾಡಿಕೊಂಡೆ. ಇದು ಹೇಳಿದಷ್ಟು ಸುಲಭ ಅಲ್ಲ. ಗೋಲ್ ಆದಾಗ ಸುತ್ತಲಿನ ಜನ ಎದ್ದು ಕೂಗುತ್ತಾರೆ, ಕಣ್ಣು ತಾನಾಗೇ ಆ ಕಡೆ ಹೋಗುತ್ತದೆ. ಆದರೂ ಹೀಗೇ ನೋಡಬೇಕು. ಒಂದು ಶಿಫ್ಟ್, ಅಂದರೆ ಬೆಂಚಿನಿಂದ ಐಸ್‌ಗೆ ಇಳಿದು ಮತ್ತೆ ಬೆಂಚಿಗೆ ಬರೋವರೆಗಿನ ಸರದಿ, ಸುಮಾರು 40–50 ಸೆಕೆಂಡ್. ಇಡೀ ಪಂದ್ಯದಲ್ಲಿ ಒಬ್ಬ ಫಾರ್ವರ್ಡ್‌ನ ಸ್ಟಿಕ್ಕಿನಲ್ಲಿ ಪಕ್ ಇರೋದು ಒಂದೆರಡು ನಿಮಿಷ ಇದ್ದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಅವನು ಏನು ಮಾಡುತ್ತಾನೆ ಅನ್ನೋದರಲ್ಲೇ ಆಟಗಾರ ಇರೋದು.

ಆವತ್ತು ಕಂಡಿದ್ದನ್ನು ಇನ್ನೂ ಮರೆತಿಲ್ಲ. ಇವರ ಡಿಫೆನ್ಸ್‌ಮನ್ ಗೋಲ್ ಹಿಂದಿನಿಂದ ಪಕ್ ಅನ್ನು ಬೋರ್ಡ್ (ರಿಂಕ್ ಸುತ್ತಲಿನ ಗೋಡೆ) ಗುಂಟ ಜೋರಾಗಿ ಹೊಡೆದ. ನಮ್ಮ ಹುಡುಗ ಬೋರ್ಡ್ ಪಕ್ಕ ಕಾಯುತ್ತಿದ್ದ. ಪಕ್ ಬರೋ ಮೊದಲೇ ತಲೆ ತಿರುಗಿಸಿ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿದ. ಅರ್ಧ ಸೆಕೆಂಡ್ ಬಿಟ್ಟು ಮತ್ತೊಮ್ಮೆ. ಎದುರಾಳಿ ಡಿಫೆನ್ಸ್‌ಮನ್ ತಾನು ನಿಂತಿದ್ದ ನೀಲಿ ಗೆರೆ (ಬ್ಲೂ ಲೈನ್) ಬಿಟ್ಟು ಇವನ ಮೇಲೆ ನುಗ್ಗಿ ಬರುತ್ತಿದ್ದ. ಪಕ್ ಸ್ಟಿಕ್ಕಿಗೆ ತಾಗಿದ್ದೇ ತಡ, ಒಂದೇ ಟಚ್‌ನಲ್ಲಿ ಅದನ್ನು ಒಳಗಡೆ ಓಡಿ ಬರುತ್ತಿದ್ದ ಸೆಂಟರ್‌ಗೆ, ಅಂದರೆ ಮಧ್ಯದ ಫಾರ್ವರ್ಡ್‌ಗೆ, ತಳ್ಳಿಬಿಟ್ಟ. ಆಮೇಲೆ ಡಿಕ್ಕಿ ಬಿತ್ತು, ಬೋರ್ಡ್ ದಡಲ್ ಅಂತು. ಅಷ್ಟರಲ್ಲಿ ಇವನ ಸೆಂಟರ್ ಮಧ್ಯದ ಗೆರೆ ದಾಟಿದ್ದ.

ಜನ ಚಪ್ಪಾಳೆ ತಟ್ಟಿದ್ದು ಡಿಕ್ಕಿ ಕೊಟ್ಟವನಿಗೆ. ನಾನು ಮಾತ್ರ ಆಮೇಲಿಂದ ಅವನ ತಲೆ ಎಷ್ಟು ಸಲ ತಿರುಗುತ್ತದೆ ಅಂತ ಗೆರೆ ಎಳೆದು ಎಣಿಸತೊಡಗಿದೆ. ಹೆಚ್ಚುಕಡಿಮೆ ಪ್ರತಿ ಸಲವೂ ನೋಡುತ್ತಿದ್ದ. ಈ ಅಭ್ಯಾಸ 17ರಲ್ಲಿ ಇಷ್ಟು ಗಟ್ಟಿಯಾಗಿರೋದು ಅಪರೂಪ. ಅವನ ಕೈಗಿಂತ ಅವನ ತಲೆ ಜಾಸ್ತಿ ಬೆಲೆ ಬಾಳುತ್ತದೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಇನ್ನು ಆ 'ನಿಧಾನ'ದ ಕಥೆ. ವಿಡಿಯೋ ಹಾಕಿಕೊಂಡು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಪೂರ್ತಿ ವೇಗದಲ್ಲಿದ್ದಾಗ ಅವನನ್ನು ಯಾರೂ ಹಿಂದೆ ಹಾಕುತ್ತಿರಲಿಲ್ಲ. ಎಡಕ್ಕೆ ತಿರುಗೋವಾಗ ಸ್ಕೇಟ್ ಬ್ಲೇಡಿನ ಒಳ ಎಡ್ಜ್ ಮೇಲೆ ಚೆನ್ನಾಗಿ ವಾಲುತ್ತಾನೆ, ವೇಗ ಬಿಡಲ್ಲ. ಬಲಕ್ಕೆ ತಿರುಗೋವಾಗ ಸ್ವಲ್ಪ ಅಳುಕು. ತೊಂದರೆ ಇದ್ದದ್ದು ನಿಂತಲ್ಲಿಂದ ಹೊರಡೋ ಮೊದಲ ಮೂರು ಹೆಜ್ಜೆಯಲ್ಲಿ. ಮಂಡಿ ಸಾಕಷ್ಟು ಬಗ್ಗಲ್ಲ, ಸೊಂಟ ಎತ್ತರದಲ್ಲೇ ಇರುತ್ತದೆ. ಹಾಗಾಗಿ ಕಾಲು ಐಸ್ ಅನ್ನು ಪೂರ್ತಿ ಒತ್ತೋ ಮೊದಲೇ ಮೇಲೇಳುತ್ತದೆ. ಹೆಜ್ಜೆ ಬೇಗ ಬೇಗ ಬೀಳುತ್ತದೆ, ದೂರ ಸಾಗಲ್ಲ. ನೋಡೋರಿಗೆ ಹುಡುಗ ನಿಧಾನ ಅನ್ನಿಸೋದು ಇದರಿಂದಲೇ.

ಇದು ತಿದ್ದಬಹುದಾದ ತಪ್ಪು. ಎನ್‌ಎಚ್‌ಎಲ್ ಆಟಗಾರ ಬ್ರೇಡನ್ ಪಾಯಿಂಟ್ ನೆನಪಾದ. 2014ರ ಡ್ರಾಫ್ಟ್‌ನಲ್ಲಿ ಟ್ಯಾಂಪಾ ಬೇ ತಂಡ ಅವನನ್ನು ಆರಿಸಿಕೊಂಡದ್ದು ಮೂರನೇ ಸುತ್ತಿನಲ್ಲಿ, 79ನೆಯವನಾಗಿ. ಮೈ ಚಿಕ್ಕದು, ಸ್ಕೇಟಿಂಗ್ ಸಾಲದು ಅನ್ನೋ ಮಾತು ಅವನ ಮೇಲೂ ಇತ್ತು. ಆಮೇಲೆ ಬಾರ್ಬರಾ ಅಂಡರ್‌ಹಿಲ್ ಹತ್ತಿರ ಸ್ಕೇಟಿಂಗ್ ತಿದ್ದಿಕೊಂಡ. ಆಕೆ 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಪಾಯಿಂಟ್ 2020 ಮತ್ತು 2021ರಲ್ಲಿ ತಂಡದ ಜತೆ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗೋ ಸ್ಟ್ಯಾನ್ಲಿ ಕಪ್ ಗೆದ್ದ. ನಮ್ಮ ಹುಡುಗನೂ ಹಾಗೇ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಕಾಲು ತಿದ್ದೋ ಕೋಚ್‌ಗಳಿದ್ದಾರೆ, ತಲೆ ತಿರುಗಿಸಿ ನೋಡೋ ಬುದ್ಧಿಯನ್ನು 20ರ ನಂತರ ಕಲಿಸೋದು ತುಂಬಾ ಕಷ್ಟ. ಆ ವ್ಯತ್ಯಾಸ ರಿಪೋರ್ಟ್‌ನಲ್ಲಿ ಕಾಣಬೇಕು, ಅಲ್ವಾ?

ಮೂರನೇ ಸಲ ಬೇಕಂತಲೇ ಕಷ್ಟದ ಪಂದ್ಯಕ್ಕೆ ಹೋದೆ. ಮೂರು ದಿನದಲ್ಲಿ ಮೂರನೇ ಆಟ, ಅದೂ ಬೇರೆ ಊರಿನಲ್ಲಿ, ರಾತ್ರಿಯೆಲ್ಲ ಬಸ್ಸು. ಸುಸ್ತಾದ ಹುಡುಗ ಏನನ್ನು ಮೊದಲು ಬಿಡುತ್ತಾನೆ ಅಂತ ನೋಡಬೇಕಿತ್ತು. ಅವನು ಬಿಟ್ಟದ್ದು ಬ್ಯಾಕ್‌ಚೆಕ್. ಪಕ್ ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿ ಬರಬೇಕಾದವನು ಸುಮ್ನೆ ಜಾರಿಕೊಂಡು ಬರುತ್ತಿದ್ದ. ಸೋಮಾರಿ ಅಂತ ಬರೆಯೋ ಆಸೆ ಆಯಿತು. ಹಿರಿಯರ ಪ್ರಶ್ನೆ ನೆನಪಿತ್ತು, ಫೋನಿನ ಸ್ಟಾಪ್‌ವಾಚ್ ಒತ್ತಿದೆ. ಶಿಫ್ಟ್‌ನ ಮೊದಲ 40 ಸೆಕೆಂಡ್‌ನಲ್ಲಿ ಪ್ರತಿ ಸಲ ಹಿಂದೆ ಓಡಿ ಬರುತ್ತಿದ್ದ. ಜಾರೋದು ನಿಮಿಷ ದಾಟಿದ ಮೇಲೆ ಮಾತ್ರ. ಅಂದರೆ ಹೊತ್ತಿಗೆ ಸರಿಯಾಗಿ ಬೆಂಚಿಗೆ ಬರಲ್ಲ, ಇನ್ನೊಂದು ಅವಕಾಶ ಸಿಗಬಹುದು ಅಂತ ಒಳಗೇ ಉಳಿಯುತ್ತಾನೆ. ಇದು ಬೇರೆಯೇ ತಪ್ಪು, ಮದ್ದೂ ಬೇರೆ.

ಅದೇ ಪಂದ್ಯದಲ್ಲಿ ಇವನು ಮಧ್ಯದಲ್ಲಿ ಕೊಟ್ಟ ಒಂದು ಕೆಟ್ಟ ಪಾಸ್‌ನಿಂದ ಎದುರಾಳಿ ಗೋಲ್ ಹೊಡೆದರು. ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಆಮೇಲಿನ ಶಿಫ್ಟ್‌ನಲ್ಲಿ ಅದೇ ಜಾಗದಲ್ಲಿ ಸ್ಟಿಕ್ಕನ್ನು ಐಸ್ ಮೇಲೆ ಟಕಟಕ ಬಡಿದು ಪಾಸ್ ಕೇಳಿದ. ಸಿಕ್ಕಿತು, ಅದೇ ಪಾಸ್ ಮತ್ತೆ ಕೊಟ್ಟ, ಸರಿಯಾಗಿ ಕೊಟ್ಟ. ಈ ಸಾಲನ್ನು ರಿಪೋರ್ಟ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರೆದೆ.

ಗೋಲ್ ಮುಂದಿನ ಜಾಗಕ್ಕೆ ಹೋಗೋದು ಕಡಿಮೆ, ಹೊಡೆಯಬಹುದಾದಾಗಲೂ ಪಾಸ್ ಮಾಡುತ್ತಾನೆ. ಅದನ್ನೂ ಬರೆದಿದ್ದೇನೆ. 'ನಿಧಾನ' ಅನ್ನೋ ಪದ ಎರಡು ಪುಟದ ಆ ರಿಪೋರ್ಟ್‌ನಲ್ಲಿ ಎಲ್ಲೂ ಇಲ್ಲ. ಕೊನೆಯಲ್ಲಿ ಮುಂದಿನ ಸಲಕ್ಕೆ ಅಂತ ಮೂರು ವಿಷಯ ಗುರುತು ಹಾಕಿಕೊಂಡೆ: ಮೊದಲ ಮೂರು ಹೆಜ್ಜೆ, ಬಲಕ್ಕೆ ತಿರುವು, ಶಿಫ್ಟ್ ಎಷ್ಟು ಸೆಕೆಂಡ್. ಮಾರ್ಚಿನಲ್ಲಿ ಮತ್ತೆ ಹೋಗುತ್ತಿದ್ದೇನೆ.