ಗುಮ್ಮಟ ಬಿಟ್ಟು ನೆರಳು ಕಟ್ಟಿದ್ದು

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಭಾಭವನವೂ ಕಚೇರಿಗಳೂ ಇರುವ ಕಟ್ಟಡದ ನಕ್ಷೆ ಮಾಡಲು ನನ್ನನ್ನು ಕರೆದಾಗ, ಮೊದಲ ಸಭೆಯಲ್ಲಿ ಬಂದ ಬೇಡಿಕೆ ಒಂದೇ: ‘ವಿಧಾನಸೌಧದ ಹಾಗೆ ಕಾಣಬೇಕು.’ ನಡುವೆ ಗುಮ್ಮಟ, ಮುಂದೆ ದುಂಡು ಕಂಬ, ಎತ್ತರದ ಮೆಟ್ಟಿಲು. ಆ ಆಸೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಸರ್ಕಾರ ತಮ್ಮ ಊರಿಗೂ ಬಂದಿದೆ ಎಂದು ಜನರಿಗೆ ಅನಿಸಲು ಕಟ್ಟಡಕ್ಕೆ ಗಾಂಭೀರ್ಯ ಬೇಕೇ ಬೇಕು. ಆದರೆ 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಆ ಗಾಂಭೀರ್ಯ ಬಂದಿರುವುದು ಬೆಂಗಳೂರಿನ ಸುತ್ತಲ ಗ್ರಾನೈಟಿನಿಂದಲೂ ಹೌದು. ನಾವು ಊರೂರಲ್ಲಿ ಅದರ ಕಿರೀಟವನ್ನು ನಕಲು ಮಾಡಿ, ನೆಲದ ನಂಟನ್ನು ಬಿಟ್ಟುಬಿಟ್ಟೆವು.

ವಾದ ಮಾಡುವುದನ್ನು ಬಿಟ್ಟು, ಸಮಿತಿಯವರನ್ನು ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಕರೆದೊಯ್ದೆ. 1367ರ ಕಟ್ಟಡ. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಜಾಗಕ್ಕೆ ಸೂರು ಹೊದಿಸಿದ್ದಾರೆ. ಮೇಲೆ ಸಾಲು ಸಾಲು ಸಣ್ಣ ಗುಮ್ಮಟಗಳು, ಬದಿಗಳಲ್ಲಿ ಅಗಲವಾದ ಗಿಡ್ಡ ಕಮಾನುಗಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದವರು ಒಳಗೆ ಕಾಲಿಟ್ಟೊಡನೆ ಮಾತು ತಗ್ಗಿಸಿದರು. ಹಿರಿಯರೊಬ್ಬರು ಕಂಬದ ಮೇಲೆ ಅಂಗೈ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ನನ್ನ ಮಟ್ಟಿಗೆ ಆ ಕಟ್ಟಡದ ಭವ್ಯತೆ ಇರುವುದು ಅದರ ನೆರಳಿನ ಅಗಲದಲ್ಲಿ. ಅಂದಿನಿಂದ ದೊಡ್ಡ ಗುಮ್ಮಟದ ಮಾತು ಯಾರೂ ಎತ್ತಲಿಲ್ಲ.

ಅಂದಾಜುಪಟ್ಟಿ, ಮಂಜೂರಾತಿಗಳ ಕಥೆಯನ್ನು ಇಲ್ಲಿ ಬೇಡವೆಂದು ಬಿಡುತ್ತೇನೆ. ಕಲ್ಲಿನ ಕಥೆ ಹೇಳಬೇಕು.

ಶಹಾಬಾದ್ ಕಲ್ಲನ್ನು ನಮ್ಮ ಕಡೆ ಪರಸಿ ಎನ್ನುತ್ತಾರೆ. ಗಣಿಯಿಂದ ಚೌಕವಾಗಿ ಏಳುವ ಹಾಸುಗಲ್ಲು ಲಾರಿ ಹತ್ತುತ್ತದೆ. ಮುರಿದದ್ದೆಲ್ಲ ಪಕ್ಕದಲ್ಲಿ ಗುಡ್ಡವಾಗಿ ಬೀಳುತ್ತದೆ. ಆ ಗುಡ್ಡಗಳ ಕೆಳಗೆ ಒಂದು ಕಾಲದ ತೊಗರಿ ಹೊಲಗಳಿವೆ. ಹೊರಗೋಡೆಗಳನ್ನೆಲ್ಲ ಆ ಮುರುಕುಗಳಿಂದಲೇ, ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ, ಎರಡು ಅಡಿ ದಪ್ಪಕ್ಕೆ ಕಟ್ಟುವುದೆಂದು ತೀರ್ಮಾನಿಸಿದೆ. ನಡುವೆ ಸುಣ್ಣದ ಗಾರೆ. ಸುಣ್ಣವೂ ಸಿಮೆಂಟೂ ಹುಟ್ಟುವುದು ಸುಣ್ಣಕಲ್ಲಿನಿಂದಲೇ. ಆದರೆ ಸಿಮೆಂಟಿಗೆ ಬೇಕಾದ ಉರಿ ಬಹಳ ಹೆಚ್ಚು. ಸುಣ್ಣವೋ ಸುಡುವಾಗ ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲನ್ನು ಗಾಳಿಯಿಂದ ಮರಳಿ ಹೀರಿಕೊಂಡೇ ಗಟ್ಟಿಯಾಗುತ್ತದೆ. ಇನ್ನೊಂದು ಮಾತು ನನಗೆ ಮುಖ್ಯ: ಸುಣ್ಣದ ಗೋಡೆಯನ್ನು ನಾಳೆ ಬಿಚ್ಚಿದರೆ ಕಲ್ಲು ಕಲ್ಲಾಗಿಯೇ ಕೈಗೆ ಸಿಗುತ್ತದೆ, ಮತ್ತೊಂದು ಮನೆಗೆ ಆಗುತ್ತದೆ.

ಕಲ್ಲು ಆರಿಸುವುದನ್ನು ಮೇಸ್ತ್ರಿ ಕಾಕಾ ಕಲಿಸಿದರು. ಕಲ್ಲನ್ನು ಎಡಗೈಯಲ್ಲಿ ತೂಗುಬಿಟ್ಟಂತೆ ಹಿಡಿದು ಸುತ್ತಿಗೆಯ ಹಿಂಬದಿಯಿಂದ ಒಂದು ಸಣ್ಣ ಪೆಟ್ಟು. ಗಣ್ ಎಂದರೆ ಗೋಡೆಗೆ. ದಬ್ ಎಂದರೆ ಒಳಗೆ ಬಿರುಕಿದೆ, ತಳಪಾಯದ ತುಂಬುಗಲ್ಲಿಗೆ.

ಮೊದಲ ತಪ್ಪು ನನ್ನದೇ. ಮಳೆಗಾಲಕ್ಕೆ ಮುಂಚೆ ಗೋಡೆ ಏಳಲಿ ಎಂದು ಏಪ್ರಿಲ್‌ನಲ್ಲಿ ಹಗಲಿಡೀ ಕೆಲಸ ಮಾಡಿಸಿದೆ. ಬಿಸಿಲಿಗೆ ಕಾದ ಕಲ್ಲು ಗಾರೆಯ ನೀರನ್ನು ಗಂಟೆಯೊಳಗೆ ಆರಿಸಿಬಿಟ್ಟಿತು. ನಾಲ್ಕನೆಯ ದಿನ ಕಾಕಾ ಸಂದಿಯೊಳಗೆ ಬೆರಳು ಹಾಕಿ ಗೀರಿದರು. ಗಾರೆ ಹಿಟ್ಟಿನಂತೆ ಉದುರಿತು. ‘ಅವ್ವಾ, ಸುಣ್ಣಕ್ಕೆ ಅವಸರ ಆಗುವುದಿಲ್ಲ’ ಎಂದರು. ಮೂರು ವರಸೆ ಬಿಚ್ಚಿಸಿದೆ. ಆಮೇಲೆ ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಕೆಲಸ, ಕಲ್ಲಿಗೆ ಮೊದಲೇ ನೀರು, ಗೋಡೆಗೆ ಒದ್ದೆ ಗೋಣಿತಾಟು. ಕೆಲಸ ನಿಧಾನವಾಯಿತು, ಗೋಡೆ ನಿಂತಿತು.

ಮುಂಭಾಗದಲ್ಲಿ ಎತ್ತರದ ಮೆಟ್ಟಿಲಿನ ಬದಲು ಕಟ್ಟಡದ ಉದ್ದಕ್ಕೂ ಹದಿನಾಲ್ಕು ಅಡಿ ಅಗಲದ ಪಡಸಾಲೆ, ಅಂಚಿಗೆ ಕೂರಲು ಜಗಲಿ. ಹಳೆಯ ಬೇವಿನ ಮರಕ್ಕಾಗಿ ಆ ಸಾಲನ್ನು ಒಂದೆಡೆ ಬಾಗಿಸಿದೆವು. ದೂರದಿಂದ ಕಟ್ಟಡ ಅಲ್ಲಿ ತುಸು ತಲೆಬಾಗಿದಂತೆ ಕಾಣುತ್ತದೆ. ನನಗೆ ಅತಿ ಇಷ್ಟವಾದ ಜಾಗ ಅದು. ಪಹಣಿಗೆ ಬಂದ ರೈತರು ಬುತ್ತಿ ಬಿಚ್ಚುವುದೂ ಅಲ್ಲಿಯೇ.

ಪಡಸಾಲೆಯ ಪಶ್ಚಿಮ ತುದಿಯಲ್ಲಿ ಮಾತ್ರ ಕಳೆದ ಮಳೆಗಾಲದಲ್ಲಿ ನೀರು ಸೂರಿನ ಅಂಚಿನ ಅಡಿಯಿಂದ ಹಿಂದೆ ಹರಿದು ಗೋಡೆ ನೆನೆಯಿತು. ಅಂಚುಗಲ್ಲಿನ ಕೆಳಗೆ ಬೆರಳಗಲದ ಗೀರು ಕೊರೆದರೆ ಹನಿ ಅಲ್ಲಿಯೇ ಕಳಚಿ ಬೀಳುತ್ತದೆ. ಜೂನ್‌ಗೆ ಮೊದಲು ಅದನ್ನು ಕೊರೆಯಲು ಕಾಕಾ ಬರುತ್ತೇನೆಂದಿದ್ದಾರೆ.