ಹಳೇ ಕ್ಯಾಸೆಟ್ ವಿಡಿಯೊದಲ್ಲಿ ಗೆರೆ ಗೆರೆ: ಕನ್ವರ್ಟ್ ಮಾಡುವ ಮುನ್ನ ಏನೇನು ನೋಡಬೇಕು?

ಕೊಪ್ಪಳದ ಗವಿಮಠದ ಜಾತ್ರೆಯನ್ನು ಮಿನಿ ಡಿವಿ ಎಂಬ ಪುಟ್ಟ ಡಿಜಿಟಲ್ ಕ್ಯಾಸೆಟ್‌ನಲ್ಲಿ ಶೂಟ್ ಮಾಡಿಟ್ಟವರು ಊರಲ್ಲಿ ಇನ್ನೂ ಇದ್ದಾರೆ. ಮದುವೆ, ಸೀಮಂತದ ಕ್ಯಾಸೆಟ್‌ಗಳಂತೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಈಗ ಅವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸುತ್ತಿದ್ದಾರೆ. ತಂದು ಟಿವಿಗೆ ಚುಚ್ಚಿ ನೋಡಿದರೆ, ನಿಂತಿರುವ ತೇರು ಚೆನ್ನಾಗಿಯೇ ಕಾಣುತ್ತದೆ. ಎಳೆಯಲು ಶುರು ಮಾಡಿದರೋ, ಅಂಚಿಗೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ. ಜನ ತೂರಿದ ಉತ್ತತ್ತಿ ಒಂದೊಂದೂ ಎರಡೆರಡಾಗಿ ಹಾರುತ್ತದೆ. ‘ಕ್ಯಾಸೆಟ್ ಹಾಳಾಗಿದೆ ಬಿಡ್ರಿ’ ಅಂತ ಸುಮ್ಮನಾಗುತ್ತಾರೆ. ಬಹಳ ಸಲ ಕ್ಯಾಸೆಟ್‌ಗೆ ಏನೂ ಆಗಿರುವುದಿಲ್ಲ. ಕನ್ವರ್ಟ್ ಮಾಡುವಾಗ ಫೈಲಿನ ಒಂದು ಗುರುತು ತಪ್ಪಿಹೋಗಿರುತ್ತದೆ, ಅಷ್ಟೆ.

ಆ ಗುರುತು ಏನು ಅಂತ ಮೊದಲು ನೋಡೋಣ. ನಮ್ಮಲ್ಲಿ ಆ ಕಾಲದ ಟಿವಿ, ವಿಡಿಯೊ ಕ್ಯಾಮೆರಾ ಎಲ್ಲ ಪಾಲ್ ಎಂಬ ಪದ್ಧತಿಯವು. ಸೆಕೆಂಡಿಗೆ 25 ಫ್ರೇಮ್, ಒಂದೊಂದು ಫ್ರೇಮಿನಲ್ಲಿ ಕಣ್ಣಿಗೆ ಕಾಣುವ 576 ಗೆರೆ. ಆದರೆ ಹಳೇ ಕ್ಯಾಮೆರಾ ಈ 576 ಗೆರೆಗಳನ್ನು ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಒಂದು ಬಿಟ್ಟು ಒಂದರಂತೆ 288 ಗೆರೆ ಮೊದಲು, ಉಳಿದ 288 ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ. ಈ ಒಂದೊಂದು ಅರ್ಧಕ್ಕೆ ಫೀಲ್ಡ್ ಎನ್ನುತ್ತಾರೆ. ಹೀಗೆ ಹಿಡಿದದ್ದು ಇಂಟರ್‌ಲೇಸ್ಡ್. ಡಬ್ಬದಂಥ ಹಳೇ ಟಿವಿ ತೋರಿಸುತ್ತಿದ್ದದ್ದೂ ಹಾಗೆಯೇ, ಹಾಗಾಗಿ ತೊಂದರೆ ಇರಲಿಲ್ಲ. ಎಲ್‌ಇಡಿ ಟಿವಿ, ಮೊಬೈಲ್ ಎಲ್ಲ ಗೆರೆಗಳನ್ನೂ ಒಂದೇ ಸಲ ತೋರಿಸುತ್ತವೆ. ಆ ಚೂರು ಹೊತ್ತಿನಲ್ಲಿ ಅಲ್ಲಾಡಿದ್ದು ಎರಡು ಕಡೆ ಕಾಣುತ್ತದೆ. ಇಡೀ ಫ್ರೇಮನ್ನು ಒಂದೇ ಗಳಿಗೆಯ ಚಿತ್ರವಾಗಿ ಇಟ್ಟಿದ್ದರೆ ಅದು ಪ್ರೊಗ್ರೆಸಿವ್. ಮೊಬೈಲ್ ವಿಡಿಯೊ ಎಲ್ಲ ಈ ಜಾತಿಯದೇ.

ಫೈಲಿನ ಮೆಟಾಡೇಟಾದಲ್ಲಿ, ಅಂದರೆ ಅದರ ಜೊತೆಗಿರುವ ವಿವರಗಳಲ್ಲಿ, ‘ಇದು ಇಂಟರ್‌ಲೇಸ್ಡ್’ ಎಂಬ ಗುರುತು ಇದ್ದರೆ ಇವತ್ತಿನ ಟಿವಿ, ಪ್ಲೇಯರ್‌ಗಳು ಸಾಮಾನ್ಯವಾಗಿ ತಾವೇ ಫೀಲ್ಡ್‌ಗಳನ್ನು ಬಿಡಿಸಿ ಸರಿಮಾಡಿ ತೋರಿಸುತ್ತವೆ. ಇದಕ್ಕೆ ಡೀಇಂಟರ್‌ಲೇಸ್ ಎನ್ನುತ್ತಾರೆ. ಗುರುತು ಅಳಿಸಿ ‘ಪ್ರೊಗ್ರೆಸಿವ್’ ಎಂದಾಗಿದ್ದರೆ ಅವು ಆ ಗೋಜಿಗೇ ಹೋಗುವುದಿಲ್ಲ.

ಮೊದಲು ಗುರುತು ಓದಿ

ಮೀಡಿಯಾಇನ್ಫೊ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಫೈಲ್ ತೆರೆಯಿರಿ. ವಿಡಿಯೊ ಭಾಗದಲ್ಲಿ ‘ಸ್ಕ್ಯಾನ್ ಟೈಪ್’ ಎಂಬ ಸಾಲು ಹುಡುಕಿ. ಅಲ್ಲಿ ಇಂಟರ್‌ಲೇಸ್ಡ್, ಪ್ರೊಗ್ರೆಸಿವ್ ಅಥವಾ ಎಂಬಿಎಎಫ್‌ಎಫ್ ಎಂದಿರುತ್ತದೆ. ಈ ಎಂಬಿಎಎಫ್‌ಎಫ್ ಕೂಡ ಇಂಟರ್‌ಲೇಸ್ಡ್ ಬಳಗದ್ದೇ. ಅದರ ಹತ್ತಿರ ‘ಸ್ಕ್ಯಾನ್ ಆರ್ಡರ್’ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಯಾವ ಫೀಲ್ಡ್ ಮೊದಲು, ಮೇಲಿನದೋ ಕೆಳಗಿನದೋ ಎಂಬುದು ಅದು. ಮಿನಿ ಡಿವಿಯಲ್ಲಿ ಕೆಳಗಿನದು ಮೊದಲು. 1080 ಗೆರೆಯ ಎಚ್‌ಡಿ ಕ್ಯಾಮೆರಾದಲ್ಲಿ ಮೇಲಿನದು.

ಆಮೇಲೆ ಕಣ್ಣಲ್ಲಿ ನೋಡಿ

ಬಹಳ ಜನ ಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಮುಖ್ಯವಾದದ್ದೂ ಇದೇ. ಗುರುತು ಅಂದರೆ ಫೈಲು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಅದು ನಿಜ ಇರಬೇಕೆಂದೇನಿಲ್ಲ. ಸಾಲದ್ದಕ್ಕೆ ಎಂಕೆವಿ, ಎಂಒವಿಯಂಥ ಫೈಲುಗಳಲ್ಲಿ ಹೊರಗೊಂದು, ಒಳಗಿನ ವಿಡಿಯೊ ಸ್ಟ್ರೀಮ್‌ನಲ್ಲೊಂದು ಅಂತ ಎರಡು ಗುರುತು ಇರಬಹುದು. ಎರಡೂ ಒಂದೇ ಹೇಳಬೇಕಲ್ವಾ? ಹೇಳದೇ ಇರುವುದೂ ಉಂಟು.

ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಫೈಲ್ ತೆರೆದು, ವಿಡಿಯೊ ಮೆನುವಿನಲ್ಲಿ ಡೀಇಂಟರ್‌ಲೇಸ್ ಆಫ್ ಮಾಡಿ. ಇಲ್ಲವಾದರೆ ವಿಎಲ್‌ಸಿಯೇ ಗೆರೆ ಮುಚ್ಚಿಬಿಡಬಹುದು. ತೇರು ಸಾಗುವ, ಬಾವುಟ ಹಾರುವ, ಯಾರೋ ಓಡುವ ಜಾಗದಲ್ಲಿ ನಿಲ್ಲಿಸಿ ‘ಇ’ ಕೀ ಒತ್ತುತ್ತಾ ಹೋಗಿ. ಒಂದೊಂದೇ ಫ್ರೇಮ್ ಸರಿಯುತ್ತದೆ. ಅಂಚಿನಲ್ಲಿ ಹಲ್ಲು ಕಂಡರೆ ಇಂಟರ್‌ಲೇಸ್ಡ್, ಗುರುತು ಏನೇ ಹೇಳಲಿ. ಪರದೆ ತುಂಬ ದೊಡ್ಡದು ಮಾಡಬೇಡಿ, ಸೈಜು ಬದಲಾದರೆ ಗೆರೆ ಮಸುಕಾಗಿ ಮೋಸ ಹೋಗುತ್ತೀರಿ.

ಉಲ್ಟಾ ಸುಳ್ಳೂ ಇದೆ. ಕೆಲವು ಎಚ್‌ಡಿ ಹ್ಯಾಂಡಿಕ್ಯಾಮ್‌ಗಳು 25 ಪ್ರೊಗ್ರೆಸಿವ್ ಫ್ರೇಮ್ ಹಿಡಿದು ಅದನ್ನು 50 ಫೀಲ್ಡ್‌ನ ರೂಪದಲ್ಲಿ ಇಡುತ್ತವೆ. ಮೀಡಿಯಾಇನ್ಫೊ ಇಂಟರ್‌ಲೇಸ್ಡ್ ಎನ್ನುತ್ತದೆ, ಚಿತ್ರದಲ್ಲಿ ಒಂದು ಹಲ್ಲೂ ಇರುವುದಿಲ್ಲ. ಇಂಥದ್ದಕ್ಕೆ ಡೀಇಂಟರ್‌ಲೇಸ್ ಮಾಡಿದರೆ ಚೆನ್ನಾಗಿದ್ದ ಚಿತ್ರದ ಸ್ಪಷ್ಟತೆ ಕಳೆದುಕೊಂಡಂತೆ. ಕಮಾಂಡ್ ಟೈಪಿಸಿ ನಡೆಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್ ಗೊತ್ತಿದ್ದವರು ಅದರ ಐಡೆಟ್ ಫಿಲ್ಟರ್ ಓಡಿಸಬಹುದು. ಅದು ಗುರುತನ್ನು ನಂಬದೆ ಚಿತ್ರವನ್ನೇ ನೋಡಿ, ಎಷ್ಟು ಫ್ರೇಮ್ ಯಾವ ಜಾತಿ ಎಂದು ಎಣಿಸಿ ಕೊಡುತ್ತದೆ.

ಕನ್ವರ್ಟ್ ಮಾಡುವಾಗ

ಕನ್ವರ್ಟ್ ಮಾಡಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಬಳಸುವವರು ಒಂದು ಮಾತು ನೆನಪಿಡಿ. ಅದು ಕೊಡುವ ಫೈಲ್ ಯಾವಾಗಲೂ ಪ್ರೊಗ್ರೆಸಿವ್. ಡೀಇಂಟರ್‌ಲೇಸ್ ಆಫ್ ಇಟ್ಟು ಕನ್ವರ್ಟ್ ಮಾಡಿದರೆ ಗೆರೆಗಳು ಚಿತ್ರದೊಳಗೇ ಅಚ್ಚಾಗುತ್ತವೆ, ಮೇಲೆ ‘ಪ್ರೊಗ್ರೆಸಿವ್’ ಎಂಬ ಗುರುತು ಕೂರುತ್ತದೆ. ಪೆನ್‌ಡ್ರೈವ್‌ನ ವಿಡಿಯೊದಲ್ಲಿ ಕಾಣುವ ಹಲ್ಲಿಗೆ ಬಹಳ ಸಲ ಇಂಥದ್ದೇ ಕಾರಣ ಇರುತ್ತದೆ.

ಫಿಲ್ಟರ್ಸ್ ಟ್ಯಾಬ್‌ಗೆ ಹೋಗಿ ಇಂಟರ್‌ಲೇಸ್ ಡಿಟೆಕ್ಷನ್ ಆನ್ ಮಾಡಿ, ಡೀಇಂಟರ್‌ಲೇಸ್‌ನಲ್ಲಿ ಡಿಕಾಂಬ್ ಆರಿಸಿ. ಡಿಟೆಕ್ಷನ್ ಇದ್ದರೆ ಹಲ್ಲು ಕಂಡ ಫ್ರೇಮನ್ನು ಮಾತ್ರ ಮುಟ್ಟುತ್ತದೆ, ಹಾಗಾಗಿ ಉಲ್ಟಾ ಸುಳ್ಳಿನ ಫೈಲಿಗೂ ಭಯವಿಲ್ಲ. ಕುಣಿತ, ಜಾತ್ರೆ, ಆಟದ ದೃಶ್ಯ ಜಾಸ್ತಿ ಇದ್ದರೆ ಡಿಕಾಂಬ್‌ನ ಕೆಳಗೆ ‘ಬಾಬ್’ ಆರಿಸಿ, ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 50 ಇಡಿ. ಒಂದೊಂದು ಫೀಲ್ಡೂ ಒಂದೊಂದು ಫ್ರೇಮ್ ಆಗಿ ಚಲನೆ ನುಣ್ಣಗೆ ಬರುತ್ತದೆ. ಫೈಲ್ ಕೊಂಚ ದೊಡ್ಡದಾದೀತು, ಆಗಲಿ.

ಇಡೀ ಫೈಲ್ ಬೇಡ. ಮೊದಲು ಒಂದು ನಿಮಿಷದ ತುಂಡು ಮಾಡಿ ನೋಡಿ. ತೇರು ಮುಂದೆ ಹೋಗಿ, ಹಿಂದೆ ಜಗ್ಗಿ, ಮತ್ತೆ ಮುಂದೆ ಹೋದಂತೆ ನಡುಗಿದರೆ ಫೀಲ್ಡ್ ಆರ್ಡರ್ ಅದಲುಬದಲಾಗಿದೆ. ಎಫ್‌ಎಫ್‌ಎಂಪೆಗ್‌ನ ಸೆಟ್‌ಫೀಲ್ಡ್ ಫಿಲ್ಟರ್‌ನಿಂದ ಸರಿಯಾದ ಆರ್ಡರ್ ಹೇಳಿಕೊಟ್ಟು, ಅದರ ಹಿಂದೆಯೇ ಡೀಇಂಟರ್‌ಲೇಸ್ ಫಿಲ್ಟರ್ ಹಾಕಿ ಮತ್ತೆ ಮಾಡಿ.

ಒಂದಕ್ಕೆ ಮಾತ್ರ ಮದ್ದಿಲ್ಲ. ಡೀಇಂಟರ್‌ಲೇಸ್ ಮಾಡದೆ ಮೊದಲೇ ಚಿತ್ರದ ಎತ್ತರ ಬದಲಿಸಿದ್ದರೆ, 576 ಇದ್ದದ್ದನ್ನು 480 ಮಾಡಿದ್ದರೆ ಅಥವಾ 720ಕ್ಕೆ ಹಿಗ್ಗಿಸಿದ್ದರೆ, ಎರಡೂ ಫೀಲ್ಡ್ ಕಲಸಿಹೋಗಿರುತ್ತವೆ. ಯಾವ ಫಿಲ್ಟರೂ ಬಿಡಿಸಲಾರದು. ಕ್ಯಾಸೆಟ್‌ನಿಂದಲೇ ಮತ್ತೆ ತೆಗೆಸಬೇಕು. ಸ್ಟುಡಿಯೊಕ್ಕೆ ಕೊಡುವಾಗಲೇ ಹೇಳಿ: ‘ಅಣ್ಣಾ, ಕ್ಯಾಸೆಟ್‌ನ್ಯಾಗ ಹೆಂಗೈತಿ ಹಂಗ ಫೈರ್‌ವೈರ್ ಕೇಬಲ್‌ಲಿಂದ ಡಿವಿ ಫೈಲ್ ತಗದು ಕೊಡ್ರಿ, ಕನ್ವರ್ಟ್ ನಾ ಮಾಡ್ಕೋತೀನಿ.’ ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಅಷ್ಟು ಜಾಗದ ಹಾರ್ಡ್‌ಡಿಸ್ಕ್ ಜೊತೆಗೇ ಒಯ್ಯಿರಿ.